ಮಲೆನಾಡಿನಲ್ಲಿ ಏಕಬಳಕೆ ಪ್ಲಾಸ್ಟಿಕ್: ಪಾಲಿಕೆ, ಪಂಚಾಯಿತಿಗಳ ಕೈಯಲ್ಲಿರುವುದೇನು?

ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬಾವುಟ, ಊಟದ ಮೇಜಿಗೆ ಹಾಸುವ ಹಾಳೆ, ಥರ್ಮೊಕೋಲ್ ಸಾಮಗ್ರಿ ಇವೆಲ್ಲವುಗಳ ತಯಾರಿಕೆ, ಪೂರೈಕೆ, ಮಾರಾಟ ಮತ್ತು ಬಳಕೆಯನ್ನು ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ರಾಜ್ಯದಾದ್ಯಂತ ನಿಷೇಧಿಸಿತು. ಅದಾದ ಆರು ವರ್ಷಗಳ ಮೇಲೆ, 2022ರ ಜುಲೈ 1ರಿಂದ, ಕೇಂದ್ರ ಸರ್ಕಾರವೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಒಂದು ಪಟ್ಟಿಯನ್ನು ದೇಶದಾದ್ಯಂತ ನಿಷೇಧಕ್ಕೆ ಒಳಪಡಿಸಿತು. ಎರಡು ನಿಷೇಧಗಳು ಜಾರಿಯಲ್ಲಿರುವಾಗಲೂ ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ, ಸಾಗರ, ತೀರ್ಥಹಳ್ಳಿಗಳ ಸಂತೆಯಲ್ಲಾಗಲಿ ತೆಳುವಾದ ಕವರ್ ಕೇಳಿದವರಿಗೆಲ್ಲ ಸಿಗುತ್ತದೆ, ಎಷ್ಟೋ ಸಲ ಕೇಳದೆಯೂ ಸಿಗುತ್ತದೆ. ಇದಕ್ಕೆ ಜನರ ಉದಾಸೀನವೇ ಕಾರಣವೆಂದು ಹೇಳಿ ಮುಗಿಸಿಬಿಡುವುದು ರೂಢಿಯಾಗಿದೆ. ಆದರೆ ನಿಷೇಧವನ್ನು ಜಾರಿಗೊಳಿಸುವ ಹೊಣೆ ಹೊತ್ತಿರುವ ಸ್ಥಳೀಯ ಸಂಸ್ಥೆಗಳು ತಮಗಿರುವ ಅಧಿಕಾರವನ್ನು ಎಲ್ಲಿ ಬಳಸುತ್ತಿವೆ, ಎಲ್ಲಿ ಬಳಸುತ್ತಿಲ್ಲ ಎಂಬುದನ್ನು ನೋಡಿದರೆ ಕಾರಣ ಬೇರೆಯೇ ಕಾಣುತ್ತದೆ. ದಂಡದ ರಸೀದಿ ಪುಸ್ತಕ ಪಾಲಿಕೆಯ ಕೈಯಲ್ಲಿರುವ ಅತ್ಯಂತ ದುರ್ಬಲ ಸಾಧನ. ಪರವಾನಗಿ, ಹರಾಜು, ಸಭಾಭವನದ ಬಾಡಿಗೆ, ಜಾತ್ರೆಯ ಅನುಮತಿ ಇವು ಅದಕ್ಕಿಂತ ಬಹಳ ಬಲವಾದವು. ಮಲೆನಾಡಿನಲ್ಲಿ ಈ ಬಲವಾದ ಸಾಧನಗಳೇ ಹೆಚ್ಚಾಗಿ ಬಳಕೆಯಾಗದೆ ಉಳಿದಿವೆ ಎಂಬುದು ಈ ಲೇಖನದ ವಾದ.

ಮೊದಲು ಕಾನೂನಿನ ಸ್ವರೂಪವನ್ನು ಅರಿಯಬೇಕು, ಏಕೆಂದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಡೆಯುವ ಅರ್ಧದಷ್ಟು ವಾಗ್ವಾದ ಹುಟ್ಟುವುದು ಇಲ್ಲಿಂದಲೇ. ಕೇಂದ್ರದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು 2021ರಲ್ಲಿ ತಿದ್ದುಪಡಿಯಾದಾಗ ಕೈಚೀಲಗಳ ಕನಿಷ್ಠ ದಪ್ಪವನ್ನು ಮೊದಲು 75 ಮೈಕ್ರಾನ್‌ಗೆ, ಬಳಿಕ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗೆ ಏರಿಸಲಾಯಿತು. ಎಂದರೆ ಕೇಂದ್ರದ ದೃಷ್ಟಿಯಲ್ಲಿ ದಪ್ಪ ಚೀಲಕ್ಕೆ ಅವಕಾಶವಿದೆ. ರಾಜ್ಯದ ಅಧಿಸೂಚನೆಯಲ್ಲಾದರೋ ದಪ್ಪದ ಮಾತೇ ಇಲ್ಲ, ಎಷ್ಟೇ ಮೈಕ್ರಾನ್ ಇದ್ದರೂ ಕೈಚೀಲ ನಿಷಿದ್ಧ. ಹಾಲು ಮತ್ತು ಹಾಲಿನ ಉತ್ಪನ್ನಗಳ ಪ್ಯಾಕೆಟ್, ಸರಕು ತಯಾರಾಗುವ ಸ್ಥಳದಲ್ಲೇ ಅದರ ಭಾಗವಾಗಿ ಬರುವ ಹೊದಿಕೆ, ಸರ್ಕಾರಿ ಇಲಾಖೆಗಳ ಬೇಡಿಕೆಯ ಮೇರೆಗೆ ನರ್ಸರಿಗಳಿಗೆ ಪೂರೈಸುವ ಚೀಲ ಇಂಥವುಗಳಿಗಷ್ಟೇ ಅದರಲ್ಲಿ ವಿನಾಯಿತಿಯಿದೆ. ಅಂಗಡಿಯವರು ‘ಇದು ಮೈಕ್ರಾನ್ ಜಾಸ್ತಿ ಇರೋದು ಸಾರ್’ ಎಂದು ವಾದಿಸುವಾಗ ಅವರು ಕೇಂದ್ರದ ನಿಯಮವನ್ನು ಹಿಡಿದಿರುತ್ತಾರೆ, ಆರೋಗ್ಯ ನಿರೀಕ್ಷಕರು ರಾಜ್ಯದ ಅಧಿಸೂಚನೆಯನ್ನು ಹಿಡಿದಿರುತ್ತಾರೆ. ರಾಜ್ಯದ ನಿಯಮ ಹೆಚ್ಚು ಬಿಗಿಯಾಗಿರುವುದರಿಂದ ಕರ್ನಾಟಕದಲ್ಲಿ ಅದನ್ನೇ ಪಾಲಿಸಬೇಕಾಗುತ್ತದೆ. ಈ ಒಂದು ವಾಕ್ಯವನ್ನು ಪ್ರತಿ ಉದ್ದಿಮೆ ಪರವಾನಗಿಯ ಬೆನ್ನಿಗೆ ಕನ್ನಡದಲ್ಲಿ ಅಚ್ಚು ಹಾಕಿದ್ದರೆ ಎಷ್ಟೋ ಜಗಳಗಳು ಹುಟ್ಟುತ್ತಲೇ ಇರಲಿಲ್ಲ.

ದಂಡದ ವಿಚಾರಕ್ಕೆ ಬಂದರೆ, ಪರಿಸರ (ಸಂರಕ್ಷಣೆ) ಕಾಯ್ದೆಯಡಿ ಹಿಂದೆ ಸೆರೆವಾಸದ ಶಿಕ್ಷೆಯಿತ್ತು. 2023ರ ಜನ ವಿಶ್ವಾಸ ಕಾಯ್ದೆಯು ಅದನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನಾಗಿ ಬದಲಿಸಿತು. ಇಷ್ಟು ದೊಡ್ಡ ಮೊತ್ತ ತಯಾರಕರನ್ನೂ ದೊಡ್ಡ ದಾಸ್ತಾನುದಾರರನ್ನೂ ಉದ್ದೇಶಿಸಿದ್ದು ಎಂಬುದು ಸ್ಪಷ್ಟ. ದಾಳಿಗಳು ನಡೆಯುವುದಾದರೋ ಕಣ್ಣಿಗೆ ಸುಲಭವಾಗಿ ಬೀಳುವ ಕಡೆ: ತಳ್ಳುಗಾಡಿಯ ಹಣ್ಣಿನವರು, ಹೂ ಕಟ್ಟಿ ಮಾರುವ ಹೆಂಗಸರು, ಸಂತೆಯಲ್ಲಿ ಸೊಪ್ಪು ಹರಡಿ ಕುಳಿತವರು. ಅವರ ಬಳಿ ಒಂದು ಕಟ್ಟು ಕವರ್ ಸಿಗುತ್ತದೆ, ಅದನ್ನು ಜಪ್ತಿ ಮಾಡಿ ಬೈಲಾದ (ಸ್ಥಳೀಯ ಸಂಸ್ಥೆಯ ಉಪನಿಯಮದ) ಪ್ರಕಾರ ಒಂದಿಷ್ಟು ದಂಡ ಹಾಕಲಾಗುತ್ತದೆ, ಮರುದಿನ ಪತ್ರಿಕೆಯಲ್ಲಿ ಇಷ್ಟು ಕಿಲೋ ವಶ ಎಂದು ಸುದ್ದಿಯಾಗುತ್ತದೆ. ಅದೇ ವಾರ ಅವರು ಅದೇ ಸಗಟು ಅಂಗಡಿಯಿಂದ ಮತ್ತೊಂದು ಕಟ್ಟು ಕೊಳ್ಳುತ್ತಾರೆ. ದಂಡ ಕಟ್ಟಿದವರ ದಿನದ ಸಂಪಾದನೆ ಹೋಯಿತು, ಊರಿಗೆ ಬರುವ ಪ್ಲಾಸ್ಟಿಕ್ ಒಂದು ಹಿಡಿಯಷ್ಟೂ ತಗ್ಗಲಿಲ್ಲ. ಇದು ಅನ್ಯಾಯವೂ ಹೌದು, ವ್ಯರ್ಥವೂ ಹೌದು.

ಮಲೆನಾಡಿನ ಪಟ್ಟಣಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. 2011ರ ಜನಗಣತಿಯಂತೆ ಸುಮಾರು 3.22 ಲಕ್ಷ ಜನಸಂಖ್ಯೆಯ ಶಿವಮೊಗ್ಗ ನಗರವು ಸುತ್ತಲಿನ ತಾಲ್ಲೂಕುಗಳಿಗೆಲ್ಲ ಸಗಟು ಪೇಟೆ. ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರದ ಕಿರಾಣಿ ಅಂಗಡಿಗಳಿಗೆ ಸರಕು ಹೋಗುವುದು ಬಹುಮಟ್ಟಿಗೆ ಇಲ್ಲಿಂದಲೇ. ಚೀಲ, ಲೋಟ, ತಟ್ಟೆಗಳ ಸಗಟು ವ್ಯಾಪಾರ ಮಾಡುವ ಮಳಿಗೆಗಳು ಸಾವಿರಾರಿಲ್ಲ, ಮತ್ತು ಅವೆಲ್ಲಕ್ಕೂ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು. ಪರವಾನಗಿ ನವೀಕರಣಕ್ಕೆ ಬಂದಾಗ ನಿಷೇಧಿತ ವಸ್ತು ಇಡುವುದಿಲ್ಲವೆಂಬ ಮುಚ್ಚಳಿಕೆ ಬರೆಸಿಕೊಂಡು, ಗೋದಾಮನ್ನು ವರ್ಷಕ್ಕೆ ಕೆಲವು ಬಾರಿ ಮುನ್ಸೂಚನೆಯಿಲ್ಲದೆ ತಪಾಸಣೆ ಮಾಡಿ, ಎರಡನೆಯ ಸಲ ಸಿಕ್ಕಿಬಿದ್ದ ಮಳಿಗೆಯ ಪರವಾನಗಿಯನ್ನು ಅಮಾನತುಗೊಳಿಸಿದರೆ ಅದರ ಪರಿಣಾಮ ಸಾವಿರ ತಳ್ಳುಗಾಡಿಗಳ ಮೇಲೆ ದಾಳಿ ಮಾಡಿದ್ದಕ್ಕಿಂತ ಹೆಚ್ಚಾಗಿರುತ್ತದೆ. ಪ್ಲಾಸ್ಟಿಕ್ ಚೀಲ ಮತ್ತು ಪ್ಯಾಕಿಂಗ್ ಸಾಮಗ್ರಿ ಜಿಎಸ್‌ಟಿಯಲ್ಲಿ 3923 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತದೆ. ಯಾವ ಮಳಿಗೆಗೆ ಎಲ್ಲಿಂದ ಎಷ್ಟು ಮಾಲು ಬರುತ್ತಿದೆ ಎಂಬುದರ ಜಾಡು ವಾಣಿಜ್ಯ ತೆರಿಗೆ ಇಲಾಖೆಯ ಬಳಿ ಇರುತ್ತದೆ. ಬಿಲ್ಲಿಲ್ಲದೆ ಬರುವ ಮಾಲು ಈ ಲೆಕ್ಕಕ್ಕೆ ಸಿಗುವುದಿಲ್ಲ ನಿಜ, ಆದರೆ ಬಿಲ್ಲಿಲ್ಲದ ಮಾಲನ್ನು ಹಿಡಿಯಲು ಆ ಇಲಾಖೆಗೆ ತನ್ನದೇ ಕಾರಣಗಳಿವೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪಾಲಿಕೆ, ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ತೆರಿಗೆ ಇಲಾಖೆ ಒಂದೇ ಮೇಜಿಗೆ ಬರುವುದಷ್ಟೇ ಇಲ್ಲಿ ಬೇಕಾಗಿರುವುದು.

ಪೂರೈಕೆಯನ್ನು ತಡೆದರೆ ಸಾಲದು. ಮಲೆನಾಡಿನಲ್ಲಿ ಕವರ್ ಏಕೆ ಬೇಕಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಬೆಂಗಳೂರಿನ ಸುತ್ತೋಲೆಗಳಲ್ಲಿ ಹುಡುಕಿದರೆ ಸಿಗದು. ಇಲ್ಲಿನ ಉತ್ತರ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರಗಳಲ್ಲಿ ಕಾಗದದ ಚೀಲ ಬಸ್‌ ನಿಲ್ದಾಣ ತಲುಪುವ ಮೊದಲೇ ಹರಿದುಹೋಗುತ್ತದೆ. ಬಟ್ಟೆ ಚೀಲದಲ್ಲಿ ಸಕ್ಕರೆ, ಅವಲಕ್ಕಿ ತೊಯ್ದು ಮುದ್ದೆಯಾಗುತ್ತವೆ. ಆಟೊ ಇಳಿದು ತೋಟದ ದಾರಿಯಲ್ಲಿ ಒಂದೆರಡು ಕಿಲೋಮೀಟರ್ ನಡೆದು ಮನೆ ಸೇರಬೇಕಾದವರಿಗೆ ಕವರ್ ಒಂದು ರಕ್ಷಣೆ. ಮೀನಿನ ಅಂಗಡಿಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಜುಲೈ ತಿಂಗಳಲ್ಲಿ ಬಂಗುಡೆ ಕೊಳ್ಳುವವರು ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈ ಚಾಚುತ್ತಾರೆ. ಮಾರುವವರು ಮೀನನ್ನು ಒಂದು ಕವರಿಗೆ ಹಾಕಿ, ನೀರು ಸೋರದಿರಲೆಂದು ಅದನ್ನು ಇನ್ನೊಂದಕ್ಕೆ ಇಳಿಸಿ, ಬಾಯಿ ತಿರುಪಿ ಗಂಟು ಹಾಕಿ ಕೊಡುತ್ತಾರೆ. ಸಾಗುವಾನಿ ಎಲೆಯಲ್ಲಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿಕೊಡುತ್ತಿದ್ದ ಕಾಲದಲ್ಲಿ ಕೊಳ್ಳುವವರು ಆ ಪೊಟ್ಟಣವನ್ನು ಒಯ್ಯಲು ಬುಟ್ಟಿಯನ್ನೋ ಪಾತ್ರೆಯನ್ನೋ ತರುತ್ತಿದ್ದರು. ಈಗ ಜನ ಕೆಲಸ ಮುಗಿಸಿ ಮನೆಗೆ ಮರಳುವಾಗ ದಾರಿಯಲ್ಲಿ ಮೀನು ಕೊಳ್ಳುತ್ತಾರೆ, ಪಾತ್ರೆ ಜೊತೆಯಲ್ಲಿರುವುದಿಲ್ಲ.

ಆದ್ದರಿಂದ ಹಸಿ ಸರಕಿಗೆ ಪರಿಹಾರವೆಂದರೆ ಮುಚ್ಚಳ ಗಟ್ಟಿಯಾಗಿ ಕೂರುವ ಡಬ್ಬಿ. ಮೀನು ಮತ್ತು ಮಾಂಸದ ಮಾರುಕಟ್ಟೆಗಳ ಮಳಿಗೆಗಳನ್ನು ಬಾಡಿಗೆಗೆ ಕೊಡುವುದು ಸ್ಥಳೀಯ ಸಂಸ್ಥೆಯೇ. ಮಾರುಕಟ್ಟೆಯ ಬಾಗಿಲಲ್ಲೇ ಮಹಿಳಾ ಸ್ವಸಹಾಯ ಸಂಘವೊಂದಕ್ಕೆ ಪುಟ್ಟ ಮಳಿಗೆ ಕೊಟ್ಟು, ಠೇವಣಿ ಇಟ್ಟು ಡಬ್ಬಿ ಒಯ್ಯುವ, ಹಿಂದಿರುಗಿಸಿದಾಗ ಠೇವಣಿ ಪಡೆಯುವ ವ್ಯವಸ್ಥೆ ಮಾಡುವುದು ಅಸಾಧ್ಯದ ಮಾತಲ್ಲ. ಡಬ್ಬಿ ತಂದವರಿಗೆ ತೂಕದಲ್ಲೋ ದರದಲ್ಲೋ ಸ್ವಲ್ಪ ರಿಯಾಯಿತಿ ಕೊಡಬೇಕೆಂಬ ಷರತ್ತನ್ನು ಮಳಿಗೆಯ ಕರಾರಿನಲ್ಲಿ ಸೇರಿಸಬಹುದು. ಮಳೆಗಾಲದ ನಾಲ್ಕು ತಿಂಗಳಿಗೆ ಬೇರೆಯದೇ ಏರ್ಪಾಡು ಬೇಕೆಂಬುದನ್ನು ಒಪ್ಪದ ಯಾವ ಯೋಜನೆಯೂ ಘಟ್ಟದ ಮೇಲೆ ನಿಲ್ಲುವುದಿಲ್ಲ.

ಬದಲಿ ವಸ್ತುಗಳ ಬಗ್ಗೆಯೂ ಎಚ್ಚರಿಕೆಯಿಂದ ಮಾತನಾಡಬೇಕಾಗಿದೆ, ಏಕೆಂದರೆ ಪೇಟೆಯಲ್ಲಿ ಬದಲಿ ಎಂದು ಬಂದವುಗಳಲ್ಲಿ ಹಲವು ಬದಲಿಯೇ ಅಲ್ಲ. ಬಟ್ಟೆ ಅಂಗಡಿಗಳಲ್ಲೂ ಬೇಕರಿಗಳಲ್ಲೂ ಈಗ ಕೊಡುತ್ತಿರುವ, ನೋಡಲು ಬಟ್ಟೆಯಂತಿರುವ ಬಣ್ಣಬಣ್ಣದ ಚೀಲ ನೇಯ್ದದ್ದಲ್ಲ, ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಶಾಖದಿಂದ ಒತ್ತಿ ಮಾಡಿದ್ದು. ಬೆರಳಿನಿಂದ ಉಜ್ಜಿದರೆ ಎಳೆ ಎಳೆಯಾಗಿ ಕಿತ್ತು ಬರುತ್ತದೆ, ಬೆಂಕಿಗೆ ಹಿಡಿದರೆ ಬೂದಿಯಾಗದೆ ಕರಗಿ ಹನಿಯುತ್ತದೆ. ಕೇಂದ್ರದ ನಿಯಮವು ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಕದ ಇಂಥ ಚೀಲವನ್ನು ನಿಷೇಧಿಸಿದೆ, ಆದರೂ ಗ್ರಾಹಕರು ಅದನ್ನು ಬಟ್ಟೆಯೆಂದೇ ನಂಬಿ ಒಯ್ಯುತ್ತಾರೆ. ‘ಗೊಬ್ಬರವಾಗುವ ಪ್ಲಾಸ್ಟಿಕ್’ ಎಂದು ಅಚ್ಚಾಗಿರುವ ಹಸಿರು ಚೀಲಗಳ ಕಥೆಯೂ ಹೀಗೆಯೇ. ಅವು ಕೊಳೆಯಲು ಕೈಗಾರಿಕಾ ಗೊಬ್ಬರ ಘಟಕದ ಶಾಖ ಬೇಕು. ಚರಂಡಿಯಲ್ಲಿ, ತುಂಗೆಯ ನೀರಿನಲ್ಲಿ ಅವು ಬಹುಕಾಲ ಸಾಮಾನ್ಯ ಪ್ಲಾಸ್ಟಿಕ್ಕಿನಂತೆಯೇ ಉಳಿಯುತ್ತವೆ. ಚಹಾದ ಕಾಗದದ ಲೋಟದ ಒಳಗೆ ಪಾಲಿಥಿನ್‌ನ ತೆಳುಪದರವಿರುತ್ತದೆ. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಸೇರುತ್ತವೆ. ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದುದು 2025ರ ಆರಂಭದಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯ ತಪಾಸಣೆಯಲ್ಲಿ ಬಯಲಾದಾಗ ಜನ ಬೆಚ್ಚಿದರು. ಅದೇ ಬೆಚ್ಚುವಿಕೆ ದಿನಕ್ಕೆ ನಾಲ್ಕು ಸಲ ಕೈಗೆ ಬರುವ ಕಾಗದದ ಲೋಟದ ವಿಷಯದಲ್ಲಿ ಇಲ್ಲ. ಚಹಾ ಅಂಗಡಿಗೆ ಗಾಜಿನ ಲೋಟ, ಅದನ್ನು ತೊಳೆಯಲು ಹರಿಯುವ ನೀರು, ಆ ನೀರು ಹೋಗಲು ಚರಂಡಿ ಸಂಪರ್ಕ ಇಷ್ಟಿದ್ದರೆ ಸಾಕು. ಬೀದಿ ಬದಿಯ ಗಾಡಿಗಳಿಗೆ ನಲ್ಲಿ ನೀರು ಕೊಡದೆ, ಗಾಜಿನ ಲೋಟ ಬಳಸಿ ಎಂದು ಆದೇಶಿಸುವುದರಲ್ಲಿ ಅರ್ಥವಿಲ್ಲ.

ಇಲ್ಲಿ ನಮ್ಮ ನೆಲದ ಹಾಳೆ ತಟ್ಟೆಯ ಪ್ರಸ್ತಾಪ ಬರಲೇಬೇಕು. ಅಡಿಕೆ ತೋಟದಲ್ಲಿ ತಾನಾಗಿ ಉದುರುವ ಹಾಳೆಯನ್ನು ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ, ದೊನ್ನೆ ಮಾಡುವ ಸಣ್ಣ ಘಟಕಗಳು ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ಬಹಳ ಇವೆ, ಅವು ಅನೇಕ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿವೆ. ಪ್ಲಾಸ್ಟಿಕ್ ಲೇಪವಿಲ್ಲದ, ಗದ್ದೆಗೆ ಬಿದ್ದರೂ ಮಣ್ಣಾಗುವ ತಟ್ಟೆ ಇದು. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ಸಸ್ಯಜನ್ಯ ರಾಸಾಯನಿಕಗಳು ಇಂಥ ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂಬ ಕಾರಣ ನೀಡಿ ಅವುಗಳ ಆಮದಿಗೆ ತಡೆಯೊಡ್ಡಿತು. ಇದನ್ನು ವ್ಯಾಪಾರದ ಪಿತೂರಿಯೆಂದು ತಳ್ಳಿಹಾಕುವುದೂ ಸರಿಯಲ್ಲ, ಹೆದರಿ ಉದ್ಯಮವನ್ನೇ ಕೈಬಿಡುವುದೂ ಸರಿಯಲ್ಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ, ಕಾಸರಗೋಡಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ. ಬಿಸಿ ಸಾರು, ಹುಳಿ ಪದಾರ್ಥ, ಎಣ್ಣೆ ಪದಾರ್ಥ ಬಡಿಸಿದಾಗ ಎಷ್ಟು ಅಂಶ ಇಳಿಯುತ್ತದೆ, ತೊಳೆಯುವ ಕ್ರಮದಿಂದ ಅದನ್ನು ಎಷ್ಟು ತಗ್ಗಿಸಬಹುದು ಎಂದು ಅಳೆದು ಹೇಳುವುದು ಇಂಥ ಸಂಸ್ಥೆಗಳ ಕೆಲಸ. ಅದಾಗುವವರೆಗೂ ಬಾಳೆಎಲೆ ನಿರಾತಂಕವಾಗಿ ಬಳಸಬಹುದಾದ ವಸ್ತು, ಮತ್ತು ಅದು ನಮ್ಮ ಹಿತ್ತಲಿನಲ್ಲೇ ಇದೆ.

ಆದರೆ ಒಂದು ಎಸೆಯುವ ವಸ್ತುವಿನ ಜಾಗಕ್ಕೆ ಇನ್ನೊಂದು ಎಸೆಯುವ ವಸ್ತು ತರುವುದು ಎರಡನೆಯ ದರ್ಜೆಯ ಪರಿಹಾರವೇ ಸರಿ. ತೊಳೆದು ಮತ್ತೆ ಬಳಸುವುದು ಮೊದಲನೆಯದು. ಮದುವೆ, ಗೃಹಪ್ರವೇಶ, ತಿಥಿ, ದೇವಸ್ಥಾನದ ಸಂತರ್ಪಣೆ ಇವು ಮಲೆನಾಡಿನಲ್ಲಿ ಏಕಬಳಕೆ ಪ್ಲಾಸ್ಟಿಕ್ ಒಂದೇ ದಿನ ಅತಿ ಹೆಚ್ಚು ಸೇರುವ ಸಂದರ್ಭಗಳು. ಸಾವಿರ ಜನರ ಊಟವಾದ ಮೇಲೆ ಕಲ್ಯಾಣ ಮಂಟಪದ ಹಿಂಬದಿಗೆ ಹೋಗಿ ನೋಡಿದರೆ ಎಲೆಗಳ ರಾಶಿ ಒಂದು ಕಡೆ ಇರುತ್ತದೆ, ಅದು ದನಗಳಿಗೋ ಗೊಬ್ಬರಕ್ಕೋ ಹೋಗುತ್ತದೆ. ಅದರ ಪಕ್ಕದಲ್ಲೇ ಕಾಲು ಲೀಟರಿನ ನೀರಿನ ಬಾಟಲಿಗಳ ರಾಶಿ ಇರುತ್ತದೆ, ಅವುಗಳಲ್ಲಿ ಹೆಚ್ಚಿನವು ಅರ್ಧ ಕುಡಿದು ಬಿಟ್ಟವು. ಪಾಯಸದ ಲೋಟ, ಐಸ್‌ಕ್ರೀಮಿನ ಬಟ್ಟಲು, ಅದರ ಪುಟ್ಟ ಚಮಚ, ತಾಂಬೂಲದ ಕವರ್ ಇವೆಲ್ಲ ಎಲೆಯ ರಾಶಿಯೊಳಗೂ ಸೇರಿಕೊಂಡಿರುತ್ತವೆ. ರಾತ್ರಿ ಅಲ್ಲಿಗೆ ಬರುವ ಬೀಡಾಡಿ ದನಗಳು, ನಮ್ಮ ಮಲೆನಾಡು ಗಿಡ್ಡ ತಳಿಯವೂ ಸೇರಿದಂತೆ, ಅನ್ನದ ವಾಸನೆಗೆ ಕವರನ್ನೇ ನುಂಗುತ್ತವೆ. ಅದು ಮೆಲುಕಿನ ಹೊಟ್ಟೆಯಲ್ಲಿ ಗಂಟುಕಟ್ಟಿ ಕೂರುತ್ತದೆ, ದನ ಮೇವು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ. ಪಶುವೈದ್ಯರು ಹೊಟ್ಟೆ ಕೊಯ್ದು ಕಿಲೋಗಟ್ಟಲೆ ಪ್ಲಾಸ್ಟಿಕ್ ತೆಗೆದ ಪ್ರಸಂಗಗಳು ರಾಜ್ಯದಲ್ಲಿ ಅಪರೂಪವಲ್ಲ.

ಈ ಸಂದರ್ಭಗಳ ಮೇಲೆ ಸ್ಥಳೀಯ ಸಂಸ್ಥೆಗೆ ನೇರವಾದ ಹಿಡಿತವಿದೆ. ಸಮುದಾಯ ಭವನಗಳು ಪಂಚಾಯಿತಿಯವು, ಖಾಸಗಿ ಮಂಟಪಗಳಿಗೂ ಪರವಾನಗಿ ಕೊಡುವುದು ಪಾಲಿಕೆ, ಪುರಸಭೆಗಳೇ. ಬಾಡಿಗೆಯ ಅರ್ಜಿಯಲ್ಲಿ ಒಂದು ಭದ್ರತಾ ಠೇವಣಿ ಇಟ್ಟು, ಕಾರ್ಯಕ್ರಮ ಮುಗಿದ ಮೇಲೆ ಹಿಂಬದಿಯ ಕಸ ನೋಡಿ ಠೇವಣಿ ಹಿಂದಿರುಗಿಸುವ ಕ್ರಮ ಬಂದರೆ ಮಂಟಪದ ವ್ಯವಸ್ಥಾಪಕರೇ ಕಾವಲುಗಾರರಾಗುತ್ತಾರೆ. ಆದರೆ ಬಾಟಲಿ ಬೇಡವೆಂದರೆ ಸಾವಿರ ಜನಕ್ಕೆ ಲೋಟ ಎಲ್ಲಿಂದ ತರುವುದು? ಹಳ್ಳಿಗಳಲ್ಲಿ ಇದಕ್ಕೆ ಉತ್ತರ ಮೊದಲಿನಿಂದಲೂ ಇತ್ತು. ದೇವಸ್ಥಾನದ ಭಂಡಾರದಲ್ಲಿ ಊರಿನ ಪಾತ್ರೆಗಳಿರುತ್ತಿದ್ದವು, ಮದುವೆ ಮನೆಯವರು ಲೆಕ್ಕ ಬರೆಸಿ ಒಯ್ದು ತೊಳೆದು ತಂದಿಡುತ್ತಿದ್ದರು. ಅದನ್ನೇ ವಾರ್ಡಿಗೊಂದರಂತೆ ಸ್ಟೀಲ್ ಲೋಟ, ತಟ್ಟೆಗಳ ಪಾತ್ರೆ ಭಂಡಾರವಾಗಿ ಮಾಡಿ, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಿಗೆ ವಹಿಸಿ, ತೊಳೆಯುವ ಕೂಲಿಯನ್ನು ಬಾಡಿಗೆಯಲ್ಲೇ ಸೇರಿಸಿದರೆ ಒಕ್ಕೂಟಕ್ಕೆ ಆದಾಯ, ಊರಿಗೆ ಕಸವಿಲ್ಲ. ತೊಳೆಯುವ ಕೆಲಸವನ್ನು ಯಾರು ಮಾಡಬೇಕು ಎಂಬ ಪ್ರಶ್ನೆಯೇ ಬಳಸಿ ಎಸೆಯುವ ಲೋಟವನ್ನು ಹಳ್ಳಿಯವರೆಗೂ ತಂದದ್ದು. ಆ ಕೆಲಸಕ್ಕೆ ತಕ್ಕ ಕೂಲಿ ಕೊಡದ ಪಾತ್ರೆ ಭಂಡಾರ ಒಂದು ವರ್ಷವೂ ಬಾಳದು. ಸರ್ಕಾರಿ ಕಚೇರಿ ಮತ್ತು ಸಭೆಗಳಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಬಳಸಬಾರದೆಂದು ಮುಖ್ಯಮಂತ್ರಿಯವರು 2025ರ ಅಕ್ಟೋಬರ್‌ನಲ್ಲಿ ಸೂಚಿಸಿದ್ದಾರೆ. ಪಾಲಿಕೆಯ ಸಭಾಂಗಣದ ಮೇಜಿನಿಂದಲೇ ಇದು ಶುರುವಾಗಬೇಕಾದದ್ದು.

ಜಾತ್ರೆಗಳ ವಿಷಯ ಇದಕ್ಕಿಂತ ದೊಡ್ಡದು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಪ್ರತಿವರ್ಷ ತುಂಗೆಯ ದಂಡೆಯಲ್ಲೇ ನಡೆಯುತ್ತದೆ. ಜಾತ್ರೆಯ ಅಂಗಡಿ ಜಾಗಗಳನ್ನು ಹರಾಜು ಹಾಕುವಾಗ ವಿಧಿಸುವ ಷರತ್ತುಗಳಲ್ಲಿ ಬೆಂಕಿಯ ಮುಂಜಾಗ್ರತೆ, ವಿದ್ಯುತ್ ಸಂಪರ್ಕಗಳ ಜೊತೆಗೆ ತೊಳೆದು ಮತ್ತೆ ಬಳಸುವ ಪಾತ್ರೆಯ ಷರತ್ತೂ ಸೇರಬೇಕು, ಮತ್ತು ಜಾತ್ರೆಯ ಬೀದಿಯಲ್ಲಿ ಅಲ್ಲಲ್ಲಿ ಕುಡಿಯುವ ನೀರಿನ ತೊಟ್ಟಿ, ಲೋಟ ತೊಳೆಯುವ ಜಾಗ ಇರಬೇಕು. ತುಂಗಾ ನದಿ ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ ದಾಟಿ ಗಾಜನೂರಿನ ಅಣೆಕಟ್ಟಿಗೆ ಬಂದು ಶಿವಮೊಗ್ಗಕ್ಕೆ ಕುಡಿಯುವ ನೀರಾಗುತ್ತದೆ, ಕೂಡ್ಲಿಯಲ್ಲಿ ಭದ್ರೆಯನ್ನು ಸೇರುತ್ತದೆ. ಮೇಲಿನ ಪಟ್ಟಣ ಪಂಚಾಯಿತಿ ಸಡಿಲ ಬಿಟ್ಟದ್ದು ಕೆಳಗಿನ ಪಾಲಿಕೆಯ ನೀರಿಗೆ ಬರುತ್ತದೆ. ಶೃಂಗೇರಿಯಿಂದ 2024ರ ನವೆಂಬರ್‌ನಲ್ಲಿ ಹೊರಟ ನಿರ್ಮಲ ತುಂಗಭದ್ರಾ ಪಾದಯಾತ್ರೆ ನದಿಯುದ್ದಕ್ಕೂ ಜನರ ಗಮನ ಸೆಳೆಯಿತು. ಅದರ ಮುಂದಿನ ಹೆಜ್ಜೆಯಾಗಿ ನದಿ ದಂಡೆಯ ಎಲ್ಲ ಸ್ಥಳೀಯ ಸಂಸ್ಥೆಗಳೂ ಒಂದೇ ಮಾದರಿಯ ಬೈಲಾ ಒಪ್ಪಿಕೊಳ್ಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಶೃಂಗೇರಿ ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಎಂಬುದು ಅಡ್ಡಿಯಾಗಬಾರದು, ನೀರಿಗೆ ಜಿಲ್ಲೆಯ ಗಡಿ ಇಲ್ಲ.

ಜೋಗ, ಕೊಡಚಾದ್ರಿ, ಆಗುಂಬೆ, ಕವಲೇದುರ್ಗಗಳ ಪ್ರವಾಸಿಗರ ವಿಷಯದಲ್ಲಿ ನೆರೆಯ ನೀಲಗಿರಿಯಿಂದ ಕಲಿಯುವುದಿದೆ. ಆ ಜಿಲ್ಲೆಯು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಪ್ಲಾಸ್ಟಿಕ್ ನಿಯಂತ್ರಣವನ್ನು ಜಿಲ್ಲಾ ಮಟ್ಟದಲ್ಲೇ ನಡೆಸಿಕೊಂಡು ಬಂದಿದೆ. ಅಲ್ಲಿ ಕುಡಿಯುವ ನೀರಿನ ಯಂತ್ರಗಳನ್ನು ರಸ್ತೆಬದಿಯಲ್ಲಿ ನಿಲ್ಲಿಸಿ ಆಮೇಲೆ ಸಣ್ಣ ಬಾಟಲಿಗಳನ್ನು ನಿರ್ಬಂಧಿಸಲಾಯಿತು. ಮದ್ರಾಸ್ ಹೈಕೋರ್ಟ್‌ನ ನಿರ್ದೇಶನದಂತೆ 2022ರಲ್ಲಿ ಸರ್ಕಾರಿ ಮದ್ಯದಂಗಡಿಗಳ ಬಾಟಲಿಗೆ 10 ರೂಪಾಯಿ ಹೆಚ್ಚುವರಿಯಾಗಿ ಪಡೆದು, ಖಾಲಿ ಬಾಟಲಿ ತಂದಾಗ ಹಿಂದಿರುಗಿಸುವ ಪದ್ಧತಿಯೂ ಅಲ್ಲೇ ಮೊದಲು ಜಾರಿಗೆ ಬಂತು. ಕೊಡಚಾದ್ರಿಯ ಬುಡದಲ್ಲಿ ಅರಣ್ಯ ಇಲಾಖೆಯ ತಪಾಸಣಾ ಠಾಣೆ, ಜೋಗದಲ್ಲಿ ಪ್ರವೇಶ ದ್ವಾರ ಈಗಾಗಲೇ ಇರುವುದರಿಂದ ಒಳಹೋಗುವ ಬಾಟಲಿ, ಚಿಪ್ಸ್ ಪೊಟ್ಟಣಗಳಿಗೆ ಚೀಟಿ ಅಂಟಿಸಿ ಠೇವಣಿ ಪಡೆಯುವುದು ಇಲ್ಲಿ ಸುಲಭ. ಹತ್ತಾರು ದಾರಿಗಳಿರುವ ಪಟ್ಟಣಕ್ಕಿಂತ ಒಂದೇ ಬಾಗಿಲಿರುವ ಬೆಟ್ಟದಲ್ಲಿ ಠೇವಣಿ ಪದ್ಧತಿ ಚೆನ್ನಾಗಿ ನಡೆಯುತ್ತದೆ.

ಗ್ರಾಮ ಪಂಚಾಯಿತಿಗಳ ಪಾಡು ಬೇರೆ. 2016ರ ಕೇಂದ್ರ ನಿಯಮಗಳು ಪ್ಲಾಸ್ಟಿಕ್ ತ್ಯಾಜ್ಯದ ಹೊಣೆಯನ್ನು ಮೊದಲ ಬಾರಿಗೆ ಹಳ್ಳಿಗಳಿಗೂ ವಿಸ್ತರಿಸಿದವು. ಸ್ವಚ್ಛ ಭಾರತ (ಗ್ರಾಮೀಣ) ಎರಡನೆಯ ಹಂತದಲ್ಲಿ ಪ್ರತಿ ತಾಲ್ಲೂಕಿಗೆ ಒಂದು ಪ್ಲಾಸ್ಟಿಕ್ ನಿರ್ವಹಣಾ ಘಟಕಕ್ಕೆ 16 ಲಕ್ಷ ರೂಪಾಯಿವರೆಗೆ ನೆರವಿದೆ. ಕಸ ಸಂಗ್ರಹಿಸುವ ಸ್ವಚ್ಛವಾಹಿನಿ ಗಾಡಿಗಳು ಬಂದಿವೆ, ಅನೇಕ ಕಡೆ ಹೆಣ್ಣುಮಕ್ಕಳೇ ಅವನ್ನು ಓಡಿಸುತ್ತಾರೆ. ಆದರೆ ಬಯಲು ಸೀಮೆಯ ಊರಿನಂತೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಗುಡ್ಡಕ್ಕೊಂದು, ತೋಟಕ್ಕೊಂದು ಒಂಟಿಮನೆ, ನಡುವೆ ಹಳ್ಳ, ಕೆಸರಿನ ದಾರಿ. ಗಾಡಿ ತಲುಪದ ಮನೆಯಲ್ಲಿ ಪ್ಲಾಸ್ಟಿಕ್ ಹೋಗುವುದು ಬಚ್ಚಲ ಒಲೆಗೆ. ಮಳೆಗಾಲದಲ್ಲಿ ಸೌದೆ ಹಸಿಯಾಗಿರುತ್ತದೆ, ಒಲೆ ಹತ್ತಿಸಲು ಹಾಲಿನ ಕವರ್ ಮಡಚಿ ಕೆಳಗಿಟ್ಟರೆ ತಕ್ಷಣ ಉರಿ ಏಳುತ್ತದೆ. ಅದರ ಜೊತೆಗೆ ಬಿಸ್ಕತ್ ಪೊಟ್ಟಣ, ಔಷಧದ ಪಟ್ಟಿ, ಒಡೆದ ಪಿವಿಸಿ ಪೈಪಿನ ತುಂಡು ಎಲ್ಲವೂ ಒಳಗೆ ಹೋಗುತ್ತವೆ. ಪಿವಿಸಿ ಸುಟ್ಟಾಗ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಹೊಗೆ ಮನೆಯೊಳಗೇ ಸುತ್ತುತ್ತದೆ, ಅದನ್ನು ಹೆಚ್ಚು ಉಸಿರಾಡುವವರು ಬೆಳಿಗ್ಗೆ ಎದ್ದು ಹಂಡೆಗೆ ಬೆಂಕಿ ಮಾಡುವ ಹೆಂಗಸರು. ಬೂದಿ ಗೊಬ್ಬರದ ಗುಂಡಿಗೆ ಬಿದ್ದು ತೋಟ ಸೇರುತ್ತದೆ. ಈ ಪ್ಲಾಸ್ಟಿಕ್ ಯಾವ ಅಂಕಿಅಂಶದಲ್ಲೂ ಕಾಣಿಸಿಕೊಳ್ಳುವುದಿಲ್ಲ, ಏಕೆಂದರೆ ಅದು ಕಸದ ಗಾಡಿಗೆ ಬರುವುದೇ ಇಲ್ಲ. ಇಂಥ ಮನೆಗಳಿಂದ ದಿನವೂ ಕಸ ಸಂಗ್ರಹಿಸುವ ಅಗತ್ಯವಿಲ್ಲ. ಒಂದು ಗೋಣಿಚೀಲ ಕೊಟ್ಟು, ತಿಂಗಳಿಗೊಮ್ಮೆ ಹಾಲಿನ ಡೈರಿಯ ಬಳಿಯೋ ನ್ಯಾಯಬೆಲೆ ಅಂಗಡಿಯ ಬಳಿಯೋ ತೊಳೆದು ಒಣಗಿಸಿದ ಪ್ಲಾಸ್ಟಿಕ್ ತಂದುಕೊಡುವಂತೆ ಮಾಡಿದರೆ ಸಾಕು. ಜನ ಹೇಗೂ ಅಲ್ಲಿಗೆ ಬರುತ್ತಾರೆ. ಅಡಿಕೆ ಗೊನೆಗೆ ಕೊಳೆರೋಗ ತಾಗದಂತೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಗಳು, ಮೆಣಸಿನ ಬಳ್ಳಿಯ ಸಸಿ ಚೀಲಗಳು ಹರಿದು ತೋಟದ ಮಣ್ಣಿನಲ್ಲೇ ಹೂತುಹೋಗುತ್ತಿರುವುದನ್ನೂ ಇದೇ ವ್ಯವಸ್ಥೆಗೆ ಸೇರಿಸಬೇಕು.

ಸಂಗ್ರಹಿಸಿದ ಮೇಲೆ ಅದನ್ನು ಏನು ಮಾಡುವುದು ಎಂಬುದು ಹಣದ ಪ್ರಶ್ನೆ. ನೀರಿನ ಬಾಟಲಿಗೆ, ಹಾಲಿನ ಕವರಿಗೆ ಗುಜರಿಯಲ್ಲಿ ಬೆಲೆಯಿದೆ. ಚಿಪ್ಸ್, ಶಾಂಪೂ, ಗುಟ್ಕಾ ಪೊಟ್ಟಣಗಳಿಗೆ ಬೆಲೆಯಿಲ್ಲ. (ಗುಟ್ಕಾ, ತಂಬಾಕು, ಪಾನ್ ಮಸಾಲಾಗಳನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ತುಂಬುವುದೇ ನಿಷಿದ್ಧವೆಂದು ಅದೇ ನಿಯಮಗಳು ಹೇಳುತ್ತವೆ. ಆದರೂ ಪ್ರತಿ ಬಸ್ ನಿಲ್ದಾಣದ ಗೂಡಂಗಡಿಯಲ್ಲಿ ಅವು ಮಾಲೆಯಾಗಿ ತೂಗುತ್ತವೆ.) ಬೆಲೆಯಿಲ್ಲದ್ದನ್ನು ನೂರಾರು ಕಿಲೋಮೀಟರ್ ದೂರದ ಸಿಮೆಂಟ್ ಕಾರ್ಖಾನೆಗೆ ಉರುವಲಾಗಿ ಸಾಗಿಸುವ ವೆಚ್ಚ ಒಂದು ಪಂಚಾಯಿತಿಗೆ ಭಾರ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣಕಸವನ್ನು ಒಂದೇ ಕಡೆ ತಂದು ವಿಂಗಡಿಸಿ, ಒತ್ತಿ ಕಟ್ಟುಗಳನ್ನಾಗಿ ಮಾಡಿ ಮಾರುವ ಘಟಕ ನಡೆಯುತ್ತಿದೆ. ಘಟ್ಟದ ಕೆಳಗಿನ ಆ ಮಾದರಿ ಮೇಲೆಯೂ ಬರಬೇಕು. ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ನಿಯಮದಂತೆ ಈ ಪೊಟ್ಟಣಗಳನ್ನು ಮಾರಿದ ಕಂಪನಿಗಳೇ ಅವುಗಳ ವಿಲೇವಾರಿಗೆ ಹಣ ಹೂಡಬೇಕು. ಆದರೆ ಕಂಪನಿಯು ದೇಶದ ಯಾವುದೇ ಮೂಲೆಯ ಸಂಸ್ಕರಣಾ ಘಟಕದಿಂದ ಪ್ರಮಾಣಪತ್ರ ಕೊಂಡು ತನ್ನ ಲೆಕ್ಕ ಸರಿದೂಗಿಸಬಹುದಾದ್ದರಿಂದ, ಆಗುಂಬೆಯ ತಿರುವಿನಲ್ಲಿ ಬಿದ್ದ ಅದರದೇ ಪೊಟ್ಟಣಕ್ಕೆ ಹಣ ಬಂದೇ ಬರುತ್ತದೆಂಬ ಖಾತ್ರಿಯಿಲ್ಲ. ತಾಲ್ಲೂಕಿನ ಪಂಚಾಯಿತಿಗಳು ಒಟ್ಟಾಗಿ, ತೂಕದ ದಾಖಲೆ ಇಟ್ಟುಕೊಂಡು, ನೋಂದಾಯಿತ ಸಂಸ್ಕರಣಾಕಾರರೊಂದಿಗೆ ಒಪ್ಪಂದ ಮಾಡಿಕೊಂಡರೆ ಮಾತ್ರ ಆ ಹಣದ ಒಂದು ಪಾಲು ಇಲ್ಲಿಗೆ ಬಂದೀತು.

ತೂಕದ ದಾಖಲೆಯ ಮಾತು ಬಂದದ್ದರಿಂದ ಹೇಳುತ್ತೇನೆ: ವಶಪಡಿಸಿಕೊಂಡ ಕಿಲೋಗಳ ಲೆಕ್ಕ ಯಶಸ್ಸಿನ ಅಳತೆಯಲ್ಲ. ವಾರ್ಡಿನ ಒಣಕಸದಲ್ಲಿ ನಿಷೇಧಿತ ವಸ್ತುಗಳ ಪಾಲು ಎಷ್ಟಿದೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ವಿಂಗಡಿಸಿ ತೂಗಿ ನೋಡಿದರೆ ಇಳಿಕೆಯಾಗಿದೆಯೋ ಇಲ್ಲವೋ ತಿಳಿಯುತ್ತದೆ. ವಿಂಗಡಿಸುವ ಪೌರಕಾರ್ಮಿಕರಿಗೆ ಯಾವ ಬೀದಿಯಿಂದ ಏನು ಬರುತ್ತದೆಂಬುದು ಈಗಾಗಲೇ ಗೊತ್ತಿದೆ, ಅವರನ್ನು ಯಾವ ಸಭೆಗೂ ಕರೆದು ಕೇಳುವುದಿಲ್ಲ ಅಷ್ಟೆ. ಹಾಲಿನ ಕವರಿನ ಕತ್ತರಿಸಿದ ಮೂಲೆಯ ಚೂರು, ಶಾಂಪೂ ಪೊಟ್ಟಣದ ಹರಿದ ತುದಿ ಇಂಥ ಹಿಡಿಗೆ ಸಿಗದ ತುಣುಕುಗಳೇ ಚರಂಡಿಯ ಜಾಲರಿಯನ್ನು ದಾಟಿ ನಾಲೆ ಸೇರುತ್ತವೆ ಎಂಬುದನ್ನು ಅವರು ಯಾವ ಅಧ್ಯಯನದ ನೆರವಿಲ್ಲದೆಯೂ ಹೇಳಬಲ್ಲರು.

ಸಂತೆ ಸುಂಕದ ಹರಾಜು, ಮಳಿಗೆಗಳ ಕರಾರು, ಉದ್ದಿಮೆ ಪರವಾನಗಿಯ ನವೀಕರಣ ಇವೆಲ್ಲ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಶುರುವಾಗುವ ಆರ್ಥಿಕ ವರ್ಷಕ್ಕೆ ಹೊಂದಿಕೊಂಡಿರುತ್ತವೆ. ಹರಾಜು ಒಮ್ಮೆ ಮುಗಿದರೆ ಮುಂದಿನ ಹನ್ನೆರಡು ತಿಂಗಳು ಷರತ್ತು ಬದಲಿಸಲಾಗದು. ಡಬ್ಬಿಯ ಮಳಿಗೆಗೆ, ಪಾತ್ರೆ ಭಂಡಾರಕ್ಕೆ, ಚಹಾ ಗಾಡಿಗಳ ನಲ್ಲಿಗೆ ಹಣ ಬೇಕಾದರೆ ಅದು ಫೆಬ್ರವರಿ, ಮಾರ್ಚ್‌ನ ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆಯಾಗಿ ಸೇರಬೇಕು. ಹಾಗಾಗಬೇಕಾದರೆ ಪರಿಸರ ಅಭಿಯಂತರರು ಕಡತವನ್ನು ಜನವರಿಯ ಹೊತ್ತಿಗೆ ಮಂಡಿಸಬೇಕು, ಮತ್ತು ಹರಾಜಿನ ಕರಡು ಷರತ್ತುಗಳನ್ನು ಸಂತೆಯ ವ್ಯಾಪಾರಿಗಳಿಗೂ ಮೀನು ಮಾರುವವರಿಗೂ ಮುಂಚಿತವಾಗಿ ಓದಿ ಹೇಳಿ, ಅವರ ಆಕ್ಷೇಪಣೆಗಳನ್ನು ಬರೆದುಕೊಂಡಿರಬೇಕು.